ರೆಂಡರ್ ಹಾಕಿದಾಗ ಮಿಕ್ಸಿ ಹಾಕಬಾರದು

ಸ್ವಾಮಿಯ ಕೈಗೆ ಸಿಕ್ಕ ಯಾವ ಮದುಮಗಳೂ ಕಮಲದ ಹೂವಿನಿಂದ ಹುಟ್ಟದೆ ಮದುವೆಯಾದವಳಲ್ಲ. ಮೊದಲು ಕೊಳ, ಕೊಳದಲ್ಲಿ ಮೊಗ್ಗು, ಮೊಗ್ಗು ಬಿರಿದರೆ ಒಳಗೆ ಹುಡುಗಿಯ ಮುಖ. ಆಮೇಲೆ ಗಂಡು. ಅವನು ಸೂರ್ಯನಿಂದ ಇಳಿದು ಬರಬೇಕು. ಇಬ್ಬರೂ ಒಂದು ಹೃದಯದ ಆಕಾರದೊಳಗೆ ಗಿರಗಿರನೆ ತಿರುಗಿ, ಹಿಮದ ಬೆಟ್ಟದ ಮುಂದೆ ಹೋಗಿ ನಿಲ್ಲಬೇಕು. ಹುಡುಗಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವವಳಿರಲಿ, ಪದ್ಮನಾಭನಗರದ ಡಾಕ್ಟರ ಮಗಳಿರಲಿ, ಸ್ವಾಮಿಗೆ ಭೇದವಿರಲಿಲ್ಲ. ಕಮಲ ಎಲ್ಲರಿಗೂ ಒಂದೇ. ನಿಮ್ಮಮ್ಮನೂ ಅದೇ ಕಮಲದಲ್ಲಿ ಹುಟ್ಟಿದ್ದಾಳೆ. ನಾನು ಹೆತ್ತದ್ದು ಲೆಕ್ಕಕ್ಕಿಲ್ಲ.

ಮೊನ್ನೆ ನೀವು ಆ ಮದುವೆಯ ವಿಡಿಯೋ ಹಾಕಿಕೊಂಡು ಬಿದ್ದು ಬಿದ್ದು ನಕ್ಕಿರಿ. "ಅಜ್ಜೀ, ಯಾರು ಈ ಎಡಿಟರ್ರು?" ಎಂದು ಕೇಳಿದಿರಿ. ಎದುರು ಕೂತು ಹೇಳಲು ನನಗೆ ಬರುವುದಿಲ್ಲ. ಬರೆದು ಕೊಡುತ್ತೇನೆ, ಓದಿಕೊಳ್ಳಿ.

ಬನಶಂಕರಿಯ ನಮ್ಮ ಮನೆಯಲ್ಲಿ ಅಡುಗೆಮನೆಗೆ ಅಂಟಿಕೊಂಡ ಹಾಗೆ ಒಂದು ಶೆಡ್ಡಿತ್ತು. ಮುಂದೆಂದಾದರೂ ಕಾರು ಬಂದರೆ ಇರಲಿ ಎಂದು ನಿಮ್ಮ ತಾತ ಕಟ್ಟಿಸಿದ್ದು. ಕಾರು ಬರಲಿಲ್ಲ, ತಾತ ಹೊರಟುಹೋದರು. ನಾನು ಅದಕ್ಕೆ ಶಟರ್ ಹಾಕಿಸಿ ಬಾಡಿಗೆಗೆ ಕೊಟ್ಟೆ. ಬಂದವನ ಹೆಸರು ಮರಿಸ್ವಾಮಿ. ಅವನ ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ಎಂ. ಸ್ವಾಮಿ, ಅದರ ಕೆಳಗೆ ದಪ್ಪಕ್ಷರದಲ್ಲಿ ಡೈರೆಕ್ಟರ್. ಯಾವುದರ ಡೈರೆಕ್ಟರ್ ಎಂದು ಕಾರ್ಡು ಹೇಳುತ್ತಿರಲಿಲ್ಲ.

"ಮಿಕ್ಸಿಂಗ್ ಯೂನಿಟ್ ಹಾಕ್ತೀನಿ ಅಮ್ಮ," ಎಂದಾಗ ನಾನು ಹುಳಿಪುಡಿ, ರಸಂಪುಡಿ ಮಾಡಿ ಮಾರುವವನೆಂದುಕೊಂಡು, ಘಾಟು ಅಡುಗೆಮನೆಗೆ ಬರುತ್ತದೆಯೋ ಏನೋ ಎಂದು ಯೋಚಿಸಿದೆ. ಘಾಟು ಬರಲಿಲ್ಲ. ಅದರ ಬದಲು ಬೆಳಗಿನಿಂದ ಸಂಜೆಯವರೆಗೆ ನಾದಸ್ವರ ಬಂತು. ಹಿಡಿದ ವಿಡಿಯೋಗಳನ್ನು ಕತ್ತರಿಸಿ ಜೋಡಿಸಿ ಹೂವು ಉದುರಿಸುವುದಕ್ಕೆ ಆಗ ನಮ್ಮ ಕಡೆ ಮಿಕ್ಸಿಂಗ್ ಎನ್ನುತ್ತಿದ್ದರು. ಈಗ ನೀವು ಎಡಿಟಿಂಗ್ ಎನ್ನುತ್ತೀರಿ. ಹೂವು ಉದುರಿಸುವುದನ್ನು ಬಿಟ್ಟಿದ್ದೀರಂತೆ, ಸಂತೋಷ.

ಸ್ವಾಮಿ ಆಳು ಕುಳ್ಳಗೆ, ಹಣೆಯ ತುಂಬ ವಿಭೂತಿ. ಕಿಟಕಿ ಮುಚ್ಚಿದ ಕತ್ತಲೆ ಕೋಣೆಯಲ್ಲೂ ತಲೆಯ ಮೇಲೆ ಕಪ್ಪು ಕನ್ನಡಕ. ಬೆಳಿಗ್ಗೆ ಬಂದವನೇ ಕಂಪ್ಯೂಟರಿನ ಹಣೆಗೂ ಮೂರು ಬೆರಳು ವಿಭೂತಿ ಎಳೆದು, ಊದುಬತ್ತಿ ತಿರುಗಿಸಿ, ಆಮೇಲೆ ಅದರ ತಲೆಗೆ ಒಂದು ಮೊಟಕು ಕೊಟ್ಟು ಎಬ್ಬಿಸುತ್ತಿದ್ದ. ದೇವರಿಗೂ ದನಕ್ಕೂ ಮಾಡುವುದನ್ನೆಲ್ಲ ಒಂದೇ ವಸ್ತುವಿಗೆ ಮಾಡಿದವನು ನನ್ನ ಅನುಭವದಲ್ಲಿ ಅವನೊಬ್ಬನೇ.

ಅಡುಗೆಮನೆಗೂ ಶೆಡ್ಡಿಗೂ ನಡುವೆ ಒಂದು ಸಣ್ಣ ಕಿಟಕಿ. ಗಂಡಸರು ಕೂತ ಕೋಣೆಗೆ ಹೋಗುವುದು ನನಗೆ ಆಗದ ಮಾತು. ಕಾಫಿಯನ್ನು ಆ ಕಿಟಕಿಯಿಂದಲೇ ಕೊಡುತ್ತಿದ್ದೆ. ಲೋಟ ವಾಪಸು ಬರುವವರೆಗೆ ಅಲ್ಲೇ ನಿಲ್ಲುತ್ತಿದ್ದೆ. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿಗೆ ನಿಂತಿದ್ದ ನನ್ನ ವಿದ್ಯೆ ಆ ಕಿಟಕಿಯಲ್ಲಿ ಮತ್ತೆ ಮುಂದುವರಿಯಿತು. ಮೇಷ್ಟ್ರಿಗೆ ತಾನು ಮೇಷ್ಟ್ರು ಎಂಬುದರಲ್ಲಿ ಯಾವ ಅನುಮಾನವೂ ಇರಲಿಲ್ಲ.

"ಕೆಳಗಡೆ ಉದ್ದಕ್ಕೆ ಪಟ್ಟಿ ಇದೆಯಲ್ಲ ಅಮ್ಮ, ಅದು ಟೈಮ್‌ಲೈನು. ದಾರ ಅಂದ್ಕೊಳ್ಳಿ. ಈ ತುಂಡುಗಳು ಕ್ಲಿಪ್ಪು. ಹೂವು. ನಾನು ಕಟ್ತೀನಿ."

ಹೂವು ಕಟ್ಟುವವರು ಬಾಡಿದ್ದನ್ನು ಎಸೆಯುತ್ತಾರೆ. ಸ್ವಾಮಿ ಎಸೆಯುವವನಲ್ಲ. ಊಟದ ಪಂಕ್ತಿಯಲ್ಲಿ ಬಾಯಿ ತುಂಬ ಹೋಳಿಗೆ ತುಂಬಿಕೊಂಡವರು, ಆಕಳಿಸುವ ಮಾವಂದಿರು, ಎಲ್ಲರೂ ಆ ದಾರದಲ್ಲಿ ಇರುತ್ತಿದ್ದರು.

ಲೇಯರ್ ಎಂದರೆ ಏನೆಂದು ಹೇಳಲು ಗೋಡೆಯ ಮೇಲಿದ್ದ ದೇವರ ಪಟ ತೋರಿಸಿದ. "ಒಳಗೆ ದೇವರು ಒಂದು ಲೇಯರು, ಗಾಜು ಒಂದು, ಮೇಲೆ ಹಾರ ಒಂದು. ಹಾರ ದಪ್ಪ ಆದ್ರೆ ದೇವರು ಕಾಣಲ್ಲ. ನನ್ನ ಕೆಲಸಾನೂ ಅಷ್ಟೆ." ತನ್ನ ಕೆಲಸವನ್ನು ಅಷ್ಟು ಸರಿಯಾಗಿ ಅರ್ಥಮಾಡಿಕೊಂಡಿದ್ದ, ಆದರೂ ಬಿಟ್ಟಿರಲಿಲ್ಲ.

ಟ್ರಾನ್ಸಿಷನ್ ಎಂದರೆ ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವ ಬಾಗಿಲು. ನಾವು ನೀವೆಲ್ಲ ಬಾಗಿಲು ತೆಗೆದು ಆಚೆ ಹೋಗುತ್ತೇವೆ. ಸ್ವಾಮಿಯ ಮನೆಯಲ್ಲಿ ಬಾಗಿಲು ಪುಸ್ತಕದ ಹಾಳೆಯಂತೆ ಮಗುಚುತ್ತಿತ್ತು, ನಕ್ಷತ್ರವಾಗಿ ಸಿಡಿಯುತ್ತಿತ್ತು, ಚಕ್ರವಾಗಿ ಉರುಳುತ್ತಿತ್ತು. ಇನ್ನು ಮದುವೆಮನೆಯ ನಿಜವಾದ ಸದ್ದನ್ನು ಅವನು ಎಂದೂ ಉಳಿಸುತ್ತಿರಲಿಲ್ಲ. "ಅವ್ರು ಆಡೋ ಮಾತು ಕೇಳಿದ್ರೆ ಆಗಿರೋ ಮದುವೆನೂ ಮುರಿಯುತ್ತೆ ಅಮ್ಮ. ಅದಕ್ಕೇ ಮ್ಯೂಟ್ ಮಾಡಿ ವಾಲಗ ಹಾಕ್ತೀನಿ." ಆ ಮಾತಿನಲ್ಲಿ ಮಾತ್ರ ಸುಳ್ಳಿರಲಿಲ್ಲ.

ನನ್ನ ಮನೆಯನ್ನು ಆಳಿದ್ದು ರೆಂಡರ್ ಎಂಬುದು. ಜೋಡಿಸಿದ್ದೆಲ್ಲ ಒಂದಾಗಿ ಗಟ್ಟಿಯಾಗಬೇಕಾದರೆ ಕಂಪ್ಯೂಟರು ಗಂಟೆಗಟ್ಟಲೆ ತಾನೊಂದೇ ಕೂತು ಕೆಲಸ ಮಾಡಬೇಕು. ಆಗ ಕರೆಂಟು ಸ್ವಲ್ಪ ಕುಗ್ಗಿದರೂ ಅದು ಮುನಿಸಿಕೊಂಡು ಮೊದಲಿನಿಂದ ಶುರುಮಾಡುತ್ತಿತ್ತು. ಶೆಡ್ಡಿಗೂ ಅಡುಗೆಮನೆಗೂ ಒಂದೇ ಲೈನು. ಹಾಗಾಗಿ ರೆಂಡರ್ ಹಾಕುವ ಮೊದಲು ಸ್ವಾಮಿ ಕಿಟಕಿಗೆ ಬಂದು ಕೂಗುತ್ತಿದ್ದ:

"ಅಮ್ಮಾ, ರೆಂಡರ್ ಹಾಕಿದೀನಿ, ಮಿಕ್ಸಿ ಹಾಕ್ಬೇಡಿ. ಗ್ರೈಂಡರ್ ಅಂತೂ ಮುಟ್ಲೇಬೇಡಿ."

ಯಾರದೋ ಮಗಳು ಕಮಲದಿಂದ ಹುಟ್ಟಲೆಂದು ನಾನು ಒರಳುಕಲ್ಲಿನ ಮುಂದೆ ಕೂತು ಚಟ್ನಿ ರುಬ್ಬಿದ ದಿನಗಳುಂಟು. ಮುಗಿದ ಮೇಲೆ ಮತ್ತೆ ಬಂದು, "ಆಯ್ತಮ್ಮ, ಹಾಕೊಳ್ಳಿ," ಎಂದು ಅಪ್ಪಣೆ ಕೊಡುತ್ತಿದ್ದ. ಒಂದು ದಿನವೂ ಮರೆತವನಲ್ಲ.

ಹೀಗೆ ರೆಂಡರಿನಲ್ಲಿ ಬೆಂದ ಮೇಲೆ ಬದಲಾಯಿಸಲು ಆಗುವುದಿಲ್ಲವೇ ಎಂದು ನಾನು ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಯಾಕಾಗಲ್ಲ ಅಮ್ಮ? ಬೆಂದಿರೋದು ಒಂದು ತಟ್ಟೆ ಇಡ್ಲಿ. ಹಿಟ್ಟು ಪಾತ್ರೇಲಿ ಹಾಗೇ ಇರುತ್ತೆ. ಬೇಕಾದ್ರೆ ಇನ್ನೊಂದ್ಸಲ ಬೇಯಿಸಿದ್ರಾಯ್ತು."

ಅದನ್ನು ಕಣ್ಣಾರೆ ಕಂಡೆ. ಎದುರು ರಸ್ತೆಯ ಒಬ್ಬರು ಮಗನ ಮದುವೆಯಾದ ಮೇಲೆ ಭಾವಮೈದುನನ ಜೊತೆ ಜಗಳವಾಡಿ ಬಂದರು. "ಸ್ವಾಮಿ, ಆ ನನ್ಮಗ ಎಲ್ಲೂ ಕಾಣಬಾರದು," ಎಂದರು. ಸ್ವಾಮಿ ಯಾರಿಗೂ ಇಲ್ಲ ಎಂದವನಲ್ಲ. ಭಾವಮೈದುನ ಒಬ್ಬನೇ ನಿಂತ ಕಡೆ ಕತ್ತರಿಸಿದ. ಗುಂಪಿನಲ್ಲಿ ನಿಂತ ಕಡೆ ಅವನ ಮುಖದ ಮೇಲೆ ಗುಲಾಬಿ ಹೂವು ಕೂರಿಸಿದ. ವಿಡಿಯೋದಲ್ಲಿ ಪಂಚೆ ಉಟ್ಟ ಗುಲಾಬಿಯೊಂದು ಎಲ್ಲರಿಗೂ ನಮಸ್ಕಾರ ಮಾಡುತ್ತ, ಮದುಮಗನಿಗೆ ಲಾಡು ತಿನ್ನಿಸುತ್ತಿತ್ತು. ಮುಂದೆ ಗೌರಿಹಬ್ಬಕ್ಕೆ ರಾಜಿಯಾಯಿತು. ಅದೇ ಮನುಷ್ಯ ಬಂದು, "ಹೂವು ತೆಗೀರಿ, ಭಾವಮೈದ ನೋಡಕ್ಕೆ ಬರ್ತಾವ್ನೆ," ಎಂದರು. ಸ್ವಾಮಿ ಗುಲಾಬಿ ತೆಗೆದು ಮತ್ತೆ ರೆಂಡರ್ ಹಾಕಿದ. ನಾನು ಮತ್ತೆ ಒರಳು ತಿರುಗಿಸಿದೆ.

ಇಷ್ಟೆಲ್ಲ ಹೇಳಿದ್ದು ನಿಮ್ಮಮ್ಮನ ಮದುವೆಯ ಸಂಗತಿ ತಿಳಿಯಲೆಂದು.

ಮದುವೆ ಪದ್ಮನಾಭನಗರದ ಕಲ್ಯಾಣ ಮಂಟಪದಲ್ಲಿ. ಧಾರೆ ಎರೆದುಕೊಟ್ಟದ್ದು ನಿಮ್ಮ ತಾತನ ತಮ್ಮ ಮತ್ತು ಅವರ ಹೆಂಡತಿ. ನಾನು ಊಟದ ಹಾಲಿನ ಬಾಗಿಲ ಬಳಿ ಕಂಬದ ಹಿಂದೆ ಕೂತಿದ್ದೆ. ಗಂಡನಿಲ್ಲದವಳು ಕೂರುವ ಜಾಗ ಯಾವ ಮಂಟಪದಲ್ಲೂ ಕೇಳದೆಯೇ ಸಿಗುತ್ತದೆ. ತಾಳಿ ಕಟ್ಟುವ ಮೊದಲು ಅದನ್ನು ತೆಂಗಿನಕಾಯಿಯ ಮೇಲಿಟ್ಟು ತಟ್ಟೆಯಲ್ಲಿ ಎಲ್ಲರ ಹತ್ತಿರ ತರುತ್ತಾರಲ್ಲ, ಮುಟ್ಟಿ ಹರಸಲೆಂದು, ಆ ತಟ್ಟೆ ಸಾಲು ಸಾಲಾಗಿ ಬಂದು ನನ್ನ ಕಂಬದ ಆಚೆಯಿಂದಲೇ ತಿರುಗಿ ಹೋಯಿತು. ನಾನು ಅದನ್ನೇ ನಿರೀಕ್ಷಿಸಿದ್ದೆ. ಮಂಟಪದಲ್ಲಿ ಕೂತಿದ್ದ ನಿಮ್ಮಮ್ಮ ನಿರೀಕ್ಷಿಸಿರಲಿಲ್ಲ.

"ಅಮ್ಮ ಮುಟ್ಟಿಲ್ಲ," ಎಂದಳು. ಪುರೋಹಿತರು ಮುಹೂರ್ತ ಎಂದರು. "ಅಮ್ಮ ಮುಟ್ಲಿ, ಆಮೇಲೆ," ಎಂದು ತಲೆ ತಗ್ಗಿಸದೆ ಕೂತಳು. ತಟ್ಟೆ ವಾಪಸು ಬಂತು. ಜೊತೆಗೆ ಕ್ಯಾಮೆರಾದ ಬೆಳಕೂ ಬಂತು. ನಮ್ಮ ಮನೆ ಮದುವೆಯೆಂದು ಸ್ವಾಮಿ ಅವತ್ತು ತಾನೇ ಕ್ಯಾಮೆರಾ ಹಿಡಿದಿದ್ದ. ಯಾವ ಫೋಟೋದಲ್ಲೂ ನೆಟ್ಟಗೆ ನಿಲ್ಲದ ನಾನು, ಅಷ್ಟು ಜನರೆದುರು, ಆ ಬೆಳಕಿನಲ್ಲಿ, ಎರಡು ಬೆರಳು ತಾಳಿಗೆ ಮುಟ್ಟಿಸಿದೆ.

ಎರಡು ದಿನ ಬಿಟ್ಟು ಶಾರದಾ ಬಂದಳು. ನೀವು ಜಯನಗರದ ಅಜ್ಜಿ ಎನ್ನುತ್ತೀರಲ್ಲ, ನಿಮ್ಮ ತಾತನ ತಂಗಿ. ಒಳ್ಳೆಯವಳೇ. ಊರಿನ ಮರ್ಯಾದೆಯನ್ನೆಲ್ಲ ತಾನೊಬ್ಬಳೇ ಹೊತ್ತಿದ್ದರಿಂದ ಸೊಂಟ ನೋವು, ಅಷ್ಟೆ.

"ಅತ್ತಿಗೆ, ಭಾನುವಾರ ಜೆ.ಪಿ. ನಗರದಲ್ಲಿ ಬೀಗರ ಮನೇಲಿ ಎಲ್ಲ ಸೇರಿ ವಿಡಿಯೋ ನೋಡ್ತಾರಂತೆ. ಅವತ್ತು ಆಗಿದ್ದು ಆಗೋಯ್ತು. ಅದನ್ನ ಟಿ.ವಿ.ಯಲ್ಲಿ ದೊಡ್ಡದಾಗಿ ತೋರಿಸ್ಬೇಕಾ? ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರನ್ನ ಅಂತಾರೆ? ನಿಮ್ಮನ್ನೇ. ಸುಮಾನ್ನೇ."

ಸುಮಾ ಎಂದರೆ ನಿಮ್ಮಮ್ಮ. ಹೊಸ ಮನೆಗೆ ಹೋದ ಹುಡುಗಿ. ಕತ್ತರಿಸುವುದೇ ಸರಿ ಎಂದು ನನಗೂ ಅನಿಸಿತು. ಅವಳು ಹಟಹಿಡಿದು ತರಿಸಿದ ತಟ್ಟೆ ಅದು ಎಂಬುದೂ ನೆನಪಾಯಿತು. ಎದ್ದು ಶಾರದಾಳ ಹಿಂದೆ ಹೋದೆ. ಸ್ವಾಮಿಯ ಕೋಣೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು.

"ತಾಳಿ ತಟ್ಟೆ ಅತ್ತಿಗೆ ಹತ್ರ ಬರುತ್ತಲ್ಲ, ಅದೊಂದು ಕಟ್ ಮಾಡ್ಬಿಡಿ," ಎಂದಳು ಶಾರದಾ.

ಸ್ವಾಮಿ ಕುರ್ಚಿ ತಿರುಗಿಸಿ ಅವಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ತಲೆಯ ಮೇಲಿನ ಕನ್ನಡಕ ತೆಗೆದು ಒರೆಸಿದ.

"ಅಯ್ಯೋ, ಲೇಟಾಗೋಯ್ತಲ್ಲ ಮೇಡಂ. ಬೆಳಿಗ್ಗೆಯಿಂದ ರೆಂಡರ್ ಓಡ್ತಾ ಇತ್ತು. ಈಗ ತಾನೆ ಮುಗೀತು."

"ಮುಗಿದ್ರೆ ಏನಂತೆ, ತೆಗೀರಿ."

"ಹೆಂಗೆ ತೆಗೀಲಿ? ಇಡ್ಲಿ ಬೆಂದ್ಮೇಲೆ ಉಪ್ಪು ತೆಗೀರಿ ಅಂದ್ರೆ ತೆಗೀತೀರಾ ಮೇಡಂ ನೀವು?"

"ಹೋಗ್ಲಿ, ಮೇಲೆ ಒಂದು ಹೂವಾದ್ರೂ ಹಾಕಿ. ಎಲ್ಲಾ ಕಡೆ ಹಾಕ್ತೀರಲ್ಲ."

"ಲೇಯರೆಲ್ಲ ಒಂದಾಗೋಗಿದೆ ಮೇಡಂ. ಈಗ ಮುಟ್ಟಿದ್ರೆ ಸಿಂಕ್ ಹೋಗುತ್ತೆ. ಗಂಡು ಬಾಯಿ ತೆಗೆದ್ರೆ ಪುರೋಹಿತರ ಮಂತ್ರ ಬರುತ್ತೆ, ಬೀಗಿತ್ತಿ ಬಾಯಿ ತೆಗೆದ್ರೆ ಡೋಲು ಬರುತ್ತೆ. ಭಾನುವಾರ ಎಲ್ಲರ ಮುಂದೆ. ನೀವು ಹ್ಞೂಂ ಅನ್ನಿ, ಮಾಡ್ತೀನಿ."

ಶಾರದಾ ಬೆದರಿ ನನ್ನ ಕಡೆ ತಿರುಗಿದಳು. "ಅತ್ತಿಗೆ, ನೀವು ದಿನಾ ಇವರನ್ನ ನೋಡ್ತೀರಲ್ಲ. ನಿಜಾನಾ ಇದು?"

ಕಿಟಕಿಯ ಆಚೆ ನನ್ನ ಅಡುಗೆಮನೆಯಲ್ಲಿ ಗ್ರೈಂಡರ್ ಗೊರಗೊರ ಎನ್ನುತ್ತಿತ್ತು. ಬೆಳಿಗ್ಗೆಯಿಂದ ಬೀಗರ ಮನೆಗೆಂದು ಹಿಟ್ಟು ರುಬ್ಬುತ್ತಿದ್ದೆ. ಬೇಡವೆಂದು ಯಾರೂ ಕೂಗಿರಲಿಲ್ಲ. ಸ್ವಾಮಿ ನೆಲ ನೋಡುತ್ತಿದ್ದ.

"ರೆಂಡರ್ ಆದ್ಮೇಲೆ ಏನೂ ಮಾಡಕ್ಕಾಗಲ್ಲ ಶಾರದಾ," ಎಂದೆ.

ಭಾನುವಾರ ಬೀಗರ ಮನೆಯ ಹಾಲಿನಲ್ಲಿ ಜನ ತುಂಬಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತೆ. ಕಮಲ ಬಿರಿಯಿತು, ಸೂರ್ಯ ಬಂದ, ಹಿಮ ಬಿತ್ತು, ನಿಮ್ಮಪ್ಪನ ಮೀಸೆಯ ಸುತ್ತ ಚಿಟ್ಟೆಗಳು ಹಾರಿದವು. ತಾಳಿಯ ತಟ್ಟೆ ಹೊರಟಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಈಗ ಈ ಮನುಷ್ಯ ನನ್ನ ತಲೆಯ ಸುತ್ತ ಏನು ತಿರುಗಿಸುತ್ತಾನೋ ಎಂಬ ಭಯ ಬೇರೆ.

ಏನೂ ತಿರುಗಲಿಲ್ಲ. ಹೂವು ಬೀಳಲಿಲ್ಲ, ಹಾಳೆ ಮಗುಚಲಿಲ್ಲ. ವಾಲಗ ನಿಂತಿತು. ಅಷ್ಟು ಹೊತ್ತು ಮ್ಯೂಟ್ ಆಗಿದ್ದ ಮಂಟಪದ ಸದ್ದು ಬಂತು: ಯಾರೋ ಕೆಮ್ಮಿದ್ದು, ಕುರ್ಚಿ ಎಳೆದದ್ದು, ಆಮೇಲೆ ನಿಮ್ಮಮ್ಮನ ದನಿ, "ಅಮ್ಮ ಮುಟ್ಲಿ, ಆಮೇಲೆ." ನನ್ನ ಬೆರಳು, ತಾಳಿ. ಅಷ್ಟೆ. ಆಮೇಲೆ ಎಂದಿನಂತೆ ನಕ್ಷತ್ರ ಸಿಡಿಯಿತು.

ನಿಮ್ಮ ಜೆ.ಪಿ. ನಗರದ ಅಜ್ಜಿ ಬಾಗಿಲ ಕಡೆ ತಿರುಗಿ, "ಅಲ್ಯಾಕೆ ನಿಂತಿದೀರಿ ಬೀಗಿತ್ತಿ, ಬಂದು ಕೂತ್ಕೊಳ್ಳಿ, ಕಾಲು ನೋಯಲ್ವಾ," ಎಂದು ಪಕ್ಕಕ್ಕೆ ಸರಿದರು. ಶಾರದಾ ಮಾತ್ರ ಆ ಜಾಗವನ್ನು ಇನ್ನೊಮ್ಮೆ ಹಾಕಿಸಿದಳು. ನನ್ನ ಹಿಂದೆ ಅವಳ ಹೊಸ ಸೀರೆಯ ಸೆರಗು ಪೂರ್ತಿ ಕಾಣುತ್ತಿತ್ತಂತೆ.

ಕೆಲವು ವರ್ಷಗಳಲ್ಲಿ ಸ್ವಾಮಿಯ ಕಮಲ ಬಾಡಿತು. ಮದುವೆಯವರು ಹೂವು ಬೇಡ, ಹೃದಯ ಬೇಡ ಎನ್ನತೊಡಗಿದರು. "ಹೂವಿಲ್ದೆ ಮದುವೆನಾ ಅಮ್ಮ? ಸಿ.ಐ.ಡಿ. ರಿಪೋರ್ಟ್ ಇದ್ದಂಗಿರುತ್ತೆ," ಎಂದು ಬೇಸರಪಡುತ್ತಿದ್ದ. ಕೊನೆಗೆ ಅಂಜನಾಪುರದ ಕಡೆ ತಮ್ಮನ ಮನೆಗೆ ಹೊರಟ. ವಿಭೂತಿ ಹಚ್ಚಿದ ಕಂಪ್ಯೂಟರನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಟೆಂಪೋಗೆ ಏರಿಸಿ, ಶೆಡ್ಡಿನ ಬೀಗದಕೈ ಕೊಡಲು ಕಿಟಕಿಯ ಬಳಿಗೇ ಬಂದ. ಎದುರು ಬಾಗಿಲು ತೆರೆದೇ ಇತ್ತು.

ಕಾಫಿ ಕೊಟ್ಟೆ. ಲೋಟ ವಾಪಸು ಬರುವವರೆಗೆ ನಿಂತಿದ್ದೆ. ಲೋಟ ತೆಗೆದುಕೊಳ್ಳುವಾಗ ಹೇಳಿದೆ, "ಅವತ್ತು ಗ್ರೈಂಡರ್ ಓಡ್ತಿತ್ತು ಸ್ವಾಮಿ."

"ಕೇಳಿಸ್ತಿತ್ತಮ್ಮ. ನೀವೆಲ್ಲಿ ಹೇಳ್ಬಿಡ್ತೀರೋ ಅಂತ ಎದೆ ಅದಕ್ಕಿಂತ ಜೋರಾಗಿ ಹೊಡ್ಕೊತಿತ್ತು."

"ಯಾಕಪ್ಪ ಸುಳ್ಳು ಹೇಳ್ದೆ?"

ಅವನು ಕನ್ನಡಕವನ್ನು ತಲೆಯ ಮೇಲೆ ಸರಿಮಾಡಿಕೊಂಡ. "ಆ ಶಾಟು ಚೆನ್ನಾಗಿ ಬಂದಿತ್ತು ಅಮ್ಮ. ಫೋಕಸ್ ಸ್ವಲ್ಪಾನೂ ಅಲ್ಲಾಡಿರ್ಲಿಲ್ಲ. ಅಂಥದ್ದನ್ನ ಯಾರಾದ್ರೂ ಕತ್ತರಿಸ್ತಾರಾ?" ಡೈರೆಕ್ಟರಲ್ಲವೇ. ಟೆಂಪೋ ಹತ್ತುವ ಮೊದಲು ತಿರುಗಿ ಕೂಗಿದ:

"ಇನ್ಮೇಲೆ ಯಾವಾಗ ಬೇಕಾದ್ರೂ ಮಿಕ್ಸಿ ಹಾಕೊಳ್ಳಿ ಅಮ್ಮ."

ಆಮೇಲೆ ಅವನನ್ನು ನೋಡಲಿಲ್ಲ. ಶೆಡ್ಡಿನಲ್ಲಿ ಈಗ ನಿಮ್ಮಪ್ಪನ ಕಾರು ನಿಲ್ಲುತ್ತದೆ. ಕಮಲ ಬಂದಾಗ ನೀವು ನಗಿ, ಚಿಟ್ಟೆ ಬಂದಾಗಲೂ ನಗಿ. ಎಲ್ಲಿ ಬೇಕಾದರೂ ವಿಡಿಯೋ ಮುಂದಕ್ಕೆ ಓಡಿಸಿಕೊಂಡು ನೋಡಿ. ವಾಲಗ ನಿಂತ ಕಡೆ ಮಾತ್ರ ಓಡಿಸಬೇಡಿ.

ನನಗಂತೂ ಅಭ್ಯಾಸ ಹೋಗಿಲ್ಲ. ಈಗಲೂ ಮಿಕ್ಸಿಯ ಸ್ವಿಚ್ಚಿಗೆ ಕೈ ಹಾಕಿದವಳು ಒಂದು ಗಳಿಗೆ ನಿಂತು, ಕಿಟಕಿಯ ಕಡೆ ಕಿವಿ ಕೊಡುತ್ತೇನೆ. ಯಾರೂ ಬೇಡವೆನ್ನುವುದಿಲ್ಲ. ಆಮೇಲೆ ಹಾಕುತ್ತೇನೆ.