ಬಲಗಡೆ ಬಿದ್ದ ಹೂ

ಯುದ್ಧಗಳಿಗೆ ಧರ್ಮ ಬರೀ ನೆಪ, ನಿಜವಾದ ಕಾರಣ ನೆಲ ಎಂದು ಹೊಳಲ್ಕೆರೆಯ ಕಾಲೇಜಿನಲ್ಲಿ ವರ್ಷಗಟ್ಟಲೆ ಇತಿಹಾಸ ಪಾಠ ಮಾಡಿದವನು ನಾನು. ಹೋದ ಬೇಸಿಗೆಯಿಂದ ಆ ಮಾತನ್ನು ಮೊದಲಿನಷ್ಟು ಧೈರ್ಯವಾಗಿ ಹೇಳಲಾಗುತ್ತಿಲ್ಲ.

ತಾಳ್ಯದ ಹತ್ತಿರದ ನಮ್ಮೂರಿಗೂ ಪಕ್ಕದ ಹಟ್ಟಿಗೂ ಕುರಿ ಮೇಯಿಸುವ ಗೋಮಾಳದ ತಕರಾರಿತ್ತು. ಎರಡೂ ಕಡೆಯವರು ಒಂದೇ ಗುಡಿಗೆ ಹೋಗಿ, ಗೋಮಾಳ ನಮ್ಮದೇ ಆದರೆ ಬಲಗಡೆ ಕೊಡು ಎಂದು ಒಂದೇ ದೇವರ ಮುಂದೆ ಹೂ ಕೇಳಿದರು. ದೇವರು ಇಬ್ಬರಿಗೂ ಬಲಗಡೆಯೇ ಕೊಟ್ಟ. ಮಾರನೇ ದಿನ ದೊಣ್ಣೆ ಹಿಡಿದು ಬಡಿದಾಡಿಕೊಂಡರು.

ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದ ದೊಡ್ಡಪ್ಪನ ಮೇಲೆ ರೇಗಿದೆ. "ಹೊಡೆದಾಡಿದ್ದು ಹುಲ್ಲಿಗೋ, ದೇವರಿಗೋ?"

"ಹುಲ್ಲಿಗೇ ಕಣಪ್ಪ. ಬರೀ ಹುಲ್ಲಾಗಿದ್ರೆ ಹಂಚ್ಕಂಡು ಮೇಯಿಸ್ತಿದ್ವಿ. ದೇವರು ಹೂ ಕೊಟ್ಟ ಮ್ಯಾಲೆ ಹೆಂಗೆ ಹಂಚ್ಕಳಾದು?"

"ಅವರಿಗೂ ಕೊಟ್ಟಿದ್ನಲ್ಲ?"

"ಅದು ಗಾಳಿಗೆ ಬಿದ್ದಿದ್ದು ಬಿಡು."

ಎಂಥ ಮೂರ್ಖತನ ಎಂದು ಬೈಯಲು ಹೊರಟವನಿಗೆ ಗುಡಿ ನೆನಪಾಯಿತು. ಎರಡು ಸಲವೂ ನಾನು ಆ ಗುಡಿಯಲ್ಲೇ ಇದ್ದೆ. ಅವರ ಹೂ ಬಿದ್ದಾಗ ತಲೆಯೆತ್ತಿ ತಿರುಗುತ್ತಿದ್ದ ಫ್ಯಾನನ್ನು ನೋಡಿದ್ದೆ. ನಮ್ಮ ಹೂ ಬಿದ್ದಾಗಲೂ ಫ್ಯಾನು ತಿರುಗುತ್ತಲೇ ಇತ್ತು, ನಾನು ಕೈಮುಗಿದಿದ್ದೆ.