ಆಯಿ ಉಡಿ ತುಂಬಿದ ದಿನ

ಬೇಸಿಗೆಯಲ್ಲಿ ಪಕ್ಕದ ಮನೆಯವರು ಒಣಹಾಕಿದ ಮುರುಗಲ ಹಣ್ಣಿನ ಸಿಪ್ಪೆಯ ಹುಳಿವಾಸನೆ ಹಣಕೋಣದ ನಮ್ಮ ಅಂಗಳಕ್ಕೆ ಬಂದರೆ ಸಾಕು, ಬಾಯಲ್ಲಿ ನೀರೂರುವ ಮೊದಲು ಬೆಳಂಬಾರದ ತವರುಮನೆ ಕಣ್ಣಿಗೆ ಕಟ್ಟುತ್ತದೆ. ಆ ಮನೆ ಈಗಿಲ್ಲ. ಅಲ್ಲಿ ಅಣ್ಣನ ಟೆರೇಸು ಮನೆಯಿದೆ. ಹೆತ್ತ ಆಯಿಯೂ ಇಲ್ಲ. ನಾನು ಹುಡುಗಿಯಾಗಿದ್ದಾಗ ಅವಳು ಉಪ್ಪುನೀರು ಬಂದು ಹೋಗುವ ಗಜನಿ ಗದ್ದೆಯ ಅಂಚಿನಲ್ಲಿ ಚಾಪೆ ಹಾಸಿ, ಅಂಗೈಯೆಲ್ಲ ಕೆಂಪು ಮಾಡಿಕೊಂಡು ಮುರುಗಲ ಸಿಪ್ಪೆ ಹರಡುತ್ತ, ಕಾಗೆಗಳನ್ನು ಬೈಯುತ್ತ ಕೂತಿರುತ್ತಿದ್ದಳು. ಯಾರ ಮೇಲೂ ಅವಳಿಗೆ ಪೂರ್ತಿ ನಂಬಿಕೆಯಿರಲಿಲ್ಲ. ಮೀನಿನವಳು ಬುಟ್ಟಿ ಇಳಿಸಿದರೆ ಒಂದೊಂದು ಬಂಗಡೆಯ ಕಿವಿರನ್ನೂ ಎತ್ತಿ ನೋಡಬೇಕು, ಹಾಲಿನವನ ಎದುರೇ ಹಾಲಿಗೆ ಬೆರಳದ್ದಬೇಕು. ದೇವರ ಪ್ರಸಾದವನ್ನೂ ಒಮ್ಮೆ ಮೂಸಿಯೇ ಕಣ್ಣಿಗೊತ್ತಿಕೊಳ್ಳುವವಳು ಎಂದು ಅಪ್ಪ ನಗುತ್ತಿದ್ದ. ಆದರೂ ಗದ್ದೆಗೆ ಯಾವ ಬೀಜ, ಯಾವ ನೆಂಟರಿಗೆ ಯಾವ ಉತ್ತರ ಎಂದು ಯಾರೇ ಕೇಳಿದರೂ ಅವಳತ್ತಲೇ ಕೈ ತೋರಿಸಿ ಎದ್ದುಹೋಗುತ್ತಿದ್ದ. ಅವಳ ಅಧಿಕಾರಕ್ಕೆ ಆಗ ಯಾವ ಛಾಪಾಕಾಗದವೂ ಬೇಕಿರಲಿಲ್ಲ.

ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಊಟಕ್ಕೆ ಕೂತರೆ ನನ್ನ ಕಣ್ಣೆಲ್ಲ ಅಣ್ಣನ ತಾಟಿನ ಮೇಲೆ. ಅವನ ಮೀನಿನ ತುಂಡೇ ದೊಡ್ಡದೆಂದು ರಂಪ ತೆಗೆಯುತ್ತಿದ್ದೆ. ಆಯಿ ಎರಡೂ ತಾಟು ಅದಲುಬದಲು ಮಾಡುತ್ತಿದ್ದಳು. ಮಾಡಿದ ಮರುಕ್ಷಣ ನನ್ನ ಕಣ್ಣಿಗೆ ನಾನು ಬಿಟ್ಟುಕೊಟ್ಟ ತುಂಡೇ ದೊಡ್ಡದಾಗಿ ಕಾಣುತ್ತಿತ್ತು.

ಅಪ್ಪ ಹೋದ ಮೇಲೆ ಆಯಿಗೆ ನಿಧಾನವಾಗಿ ಮರೆವು ಹಿಡಿಯಿತು. ಗದ್ದೆ, ಮನೆ, ಬ್ಯಾಂಕು ಎಲ್ಲಕ್ಕೂ ಆಯಿಯ ಪರವಾಗಿ ತಾನೇ ಸಹಿ ಹಾಕುವಂತೆ ಅಣ್ಣ ಮುಖ್ತ್ಯಾರ ಪತ್ರ ಮಾಡಿಸಿಕೊಂಡದ್ದು ನನಗೆ ತಿಳಿದದ್ದು ಅಂಕೋಲೆಯ ಪೇಟೆಯಲ್ಲಿ, ಬೇರೆಯವರ ಬಾಯಿಂದ. ಕದ್ದು ಮಾಡುವ ಕೆಲಸವಲ್ಲದಿದ್ದರೆ ಒಡಹುಟ್ಟಿದವಳಿಗೆ ಹೇಳಬಾರದಿತ್ತೇ, ನೀವೇ ಹೇಳಿ. ಆಯಿಯನ್ನು ನಾನು ಕರೆದುಕೊಂಡು ಹೋಗಿ ನೋಡಿಕೊಳ್ಳುತ್ತೇನೆ ಎಂದು ಹೋಗಿ ಕೇಳಿದೆ.

"ಪವರ್ ನನ್ನ ಹತ್ರ ಅದೆ. ಆಯಿ ಇಲ್ಲೇ ಇರ್ತದೆ," ಎಂದ ಅಣ್ಣ.

ಅಂದಿನಿಂದ ತಲೆಗೆ ಹುಳ ಹೊಕ್ಕಿತು. ಫೋನು ಮಾಡಿದರೆ ಅತ್ತಿಗೆ ಎತ್ತಿ, ಆಯಿ ಮಲಗಿದೆ ಎನ್ನುತ್ತಿದ್ದಳು, ಇಲ್ಲವೇ ಮೀಯಲು ಹೋಗಿದೆ ಎನ್ನುತ್ತಿದ್ದಳು. ನಡುಮಧ್ಯಾಹ್ನ ಎಂಥ ಸ್ನಾನ? ಹೊರಬಾಗಿಲಿಗೆ ಹೊಸ ಚಿಲಕ ಬಂದಿತ್ತು. ಆಯಿ ದಾರಿ ತಪ್ಪಿ ಗಜನಿಗೆ ಇಳಿಯುತ್ತಾಳೆ, ಅದಕ್ಕೆ ಎಂದರು. ಇವರಿಗೆ ಆಯಿ ಬೇಕೋ, ಆಯಿಯ ಹೆಸರಿನ ಗದ್ದೆ ಬೇಕೋ ಎಂದು ನಾನು ಕುದಿಯುತ್ತಿದ್ದೆ.

ಕಾರವಾರದ ವಕೀಲರು ಸಮಾಧಾನದಿಂದ ಕೇಳಿಸಿಕೊಂಡರು. ಆ ಪತ್ರ ಆಸ್ತಿಯ ವ್ಯವಹಾರಕ್ಕೆ ಮಾತ್ರ, ತಾಯಿ ಯಾರ ಮನೆಯಲ್ಲಿರಬೇಕೆಂದು ಹೇಳುವುದಕ್ಕಲ್ಲ ಎಂದರು. ಆದರೆ ಅಣ್ಣ ಬಿಟ್ಟುಕೊಡದಿದ್ದರೆ ಕೋರ್ಟಿಗೆ ಹೋಗಬೇಕು. ಆಯಿಯ ಬುದ್ಧಿ ಸ್ತಿಮಿತದಲ್ಲಿಲ್ಲ, ಹೆತ್ತ ಮಗಳ ಗುರುತೂ ಅವಳಿಗಿಲ್ಲ ಎಂದು ನಾನೇ ನಿಂತು ಹೇಳಬೇಕು. ಹಾಗಾದರೆ ಪತ್ರವೂ ಬೀಳಬಹುದು, ಆಯಿಯನ್ನು ನನ್ನ ವಶಕ್ಕೆ ಕೊಡಿ ಎಂದೂ ಕೇಳಬಹುದು. ಮೊದಲು ಹೋಗಿ, ಗುರುತು ಹಿಡಿಯುತ್ತಾರೋ ನೋಡಿ ಬನ್ನಿ ಎಂದು ಕಳಿಸಿದರು. ಆಯಿಗೆ ನನ್ನ ಗುರುತು ಸಿಗದಿರಲಿ ಎಂದು ಬಯಸುತ್ತ ನಾನು ಬೆಳಂಬಾರದ ಬಸ್ಸು ಹತ್ತಿದೆ. ಎಂಥ ಗತಿ ಬಂತಪ್ಪಾ ಎಂದು ದಾರಿಯುದ್ದಕ್ಕೂ ಸಂಕಟವಾಯಿತು.

ಆಯಿ ಜಗಲಿಯಲ್ಲಿ ಕೂತಿದ್ದಳು. ತಲೆ ಬಾಚಿತ್ತು, ಸೀರೆ ಮಡಿಯಾಗಿತ್ತು, ಉಗುರು ಕತ್ತರಿಸಿತ್ತು. ನಾನು ಬರುತ್ತೇನೆಂದು ತಿಳಿದೇ ಕತ್ತರಿಸಿದರೇನೋ ಎಂದುಕೊಂಡೆ. ನಾನು ಯಾರು ಆಯಿ ಎಂದು ಕೇಳಿದರೆ ನಕ್ಕಳು. ಬಸ್ಸಿಗೆ ಬಂದೆಯಾ ಎಂದಳೇ ಹೊರತು ಹೆಸರು ಹೇಳಲಿಲ್ಲ. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಮಗ್ಗುಲಲ್ಲಿ ಕೂತು ಆಯಿಯ ಕೈ ಹಿಡಿದುಕೊಂಡೇ ಹೊತ್ತು ಕಳೆದೆ.

ಸಂಜೆ ಹೊರಡಲು ಎದ್ದೆ. ಆಯಿಯೂ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಮೊರ, ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಂಕುಮದ ಬಟ್ಟಲು. ಅಪ್ಪ ಸತ್ತ ದಿನದಿಂದ ಆಯಿ ಕುಂಕುಮ ಮುಟ್ಟಿರಲಿಲ್ಲ. ಗಂಡ ಸತ್ತವಳು ಉಡಿ ತುಂಬುವುದು ನಮ್ಮಲ್ಲಿ ನಿಷಿದ್ಧ. ತವರಿನಿಂದ ಹೊರಡುವ ನನಗೆ ಅತ್ತಿಗೆಯೇ ಉಡಿ ತುಂಬುತ್ತಿದ್ದಳು, ಆಯಿ ಕಂಬದ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಈಗ ಅಪ್ಪ ಸತ್ತದ್ದನ್ನೇ ಅವಳು ಮರೆತಿದ್ದಳು. ಅತ್ತಿಗೆ ತಡೆಯುತ್ತಾಳೆ ಎಂದು ಕಾದೆ. ಅವಳು ಬಂದು ನನಗೆ ಮಣೆ ಹಾಕಿದಳು. ಅಂಗಳದಲ್ಲಿ ನಿಂತಿದ್ದ ಅಣ್ಣ ಗದ್ದೆಯ ಕಡೆ ಮುಖ ತಿರುಗಿಸಿದ. ಆಯಿ ನನ್ನ ಹಣೆಗೆ ಕುಂಕುಮವಿಟ್ಟು, ಸೆರಗಿಗೆ ಅಕ್ಕಿ ಕಾಯಿ ಹಾಕಿ, ಗಲ್ಲ ಸವರಿ, ಯಾರದೋ ಮನೆಯ ಹುಡುಗಿಗೆ ಹೇಳುವಂತೆ ಹೇಳಿದಳು.

"ಹೊತ್ತು ಮಾಡ್ಬೇಡ ತಂಗಿ. ಅಲ್ಲಿ ನಿನ್ನ ಆಯಿ ಕಾಯ್ತಿರ್ತದೆ."

ಬಸ್ಸಿನಲ್ಲಿ ಅಕ್ಕಿ ಚೆಲ್ಲದಂತೆ ಸೆರಗು ಹಿಡಿದು ಅತ್ತೆ. ಅಣ್ಣನ ಮೇಲಿನ ಅನುಮಾನ ಆಗ ಹೋಗಲಿಲ್ಲ, ಇಂದಿಗೂ ಹೋಗಿಲ್ಲ. ಆ ಮಣೆ ಹಾಕಿದ್ದರಲ್ಲೂ ಅತ್ತಿಗೆಯ ಲೆಕ್ಕಾಚಾರ ಏನಿತ್ತೋ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು. ಮರುದಿನ ವಕೀಲರು ಫೋನು ಮಾಡಿ, ತಾಯಿ ಗುರುತು ಹಿಡಿದರೋ ಇಲ್ಲವೋ ಎಂದು ಕೇಳಿದರು.

"ಹಿಡೀತು," ಎಂದೆ.