ಮಾವ ಹುಳುಗಳಿಗೆ ಇಟ್ಟ ಔತಣ

ಹುಳು ತಂದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಎರೆಗೊಬ್ಬರದ ತರಬೇತಿ ಮುಗಿಸಿ, ಒದ್ದೆ ಗೋಣಿಚೀಲದಲ್ಲಿ ಎರೆಹುಳು ತುಂಬಿಸಿಕೊಂಡು, ಮದ್ದೂರಲ್ಲಿ ಬಸ್ಸು ಬದಲಿಸಿ, ಚೀಲ ತೊಡೆ ಮೇಲಿಟ್ಟುಕೊಂಡೇ ಚಿಕ್ಕರಸಿನಕೆರೆ ತನಕ ಬಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು "ಏನಮ್ಮಾ, ಸೊಪ್ಪಾ?" ಅಂದಳು. "ಉಳ" ಅಂದೆ. ಎದ್ದು ಹಿಂದಿನ ಸೀಟಿಗೆ ಹೋದಳು!

ನಮ್ಮ ಕಡೆ ಕಬ್ಬು ಕಡಿದ ಮೇಲೆ ಗದ್ದೆಯಲ್ಲಿ ಉಳಿದ ಒಣ ತರಗಿಗೆ ಬೆಂಕಿ ಇಡೋದೇ ರೂಢಿ. ಆ ಹೊಗೆ ಕಂಡರೆ ನನಗೆ ಹೊಟ್ಟೆ ಉರಿಯುತ್ತೆ. ಗೊಬ್ಬರ ಆಗಬೇಕಾದ್ದು ಬೂದಿ ಆಗೋದಾ? ಆ ಸಲ ಮಾವನ ಹತ್ತಿರ ಜಗಳ ಆಡಿ ಆಡಿ ಒಂದು ಮಾತು ಗಿಟ್ಟಿಸಿದ್ದೆ. "ಎರಡು ತಿಂಗ್ಳು ಟೈಮು. ನಿನ್ ಉಳ ಗೊಬ್ಬರ ಮಾಡುದ್ವಾ, ತರಗೆಲ್ಲಾ ನಿಂದು. ಇಲ್ವಾ, ಬೆಂಕಿ ಇಕ್ತೀನಿ. ದನ ಸಾಕೋದ್ ಬುಟ್ಟು ಉಳ ಸಾಕ್ತಾಳಂತೆ!"

ಒಂದಷ್ಟು ತರಗನ್ನು ಸಗಣಿ ನೀರಲ್ಲಿ ಮೊದಲೇ ಕೊಳೆಸಿಟ್ಟಿದ್ದೆ. ಅದನ್ನು ಕೊಟ್ಟಿಗೆ ಹಿಂದಿನ ತೊಟ್ಟಿಗೆ ತುಂಬಿ ಹುಳು ಬಿಟ್ಟು, ಮೇಲೆ ಒದ್ದೆ ಗೋಣಿತಾಟು ಹೊದಿಸಿದೆ. ಉಳಿದದ್ದು ಬದುವಿನ ಮೇಲೆ ರಾಶಿ ಬಿದ್ದಿತ್ತು. ದಿನಾ ಬೆಳಿಗ್ಗೆ ಕಾಫಿಗೂ ಮುಂಚೆ ಗೋಣಿತಾಟು ಎತ್ತಿ ನೋಡುತ್ತಿದ್ದೆ. ಮಾವನೂ ಆ ಕಡೆ ಸುಳಿಯೋರು. ಯಾಕೆ ಅಂದರೆ, "ಸುಮ್ಕೆ ಬಂದೆ."

ತಿಂಗಳು ಕಳೆದಿತ್ತು. ಒಂದು ಬೆಳಿಗ್ಗೆ ತಾಟು ಎತ್ತಿದರೆ ತೊಟ್ಟಿ ತುಂಬಾ ಕೆಂಪಿರುವೆ! ಮೇಲೆಲ್ಲಾ ಸತ್ತ ಹುಳು. ಜೊತೆಗೆ ಬೆಲ್ಲದ ವಾಸನೆ. "ಯಾರು ಮಾಡಿದ್ದು ಇದು?" ಅಂತ ಬೀದಿಗೆಲ್ಲಾ ಕೇಳೋ ಹಾಗೆ ಕೂಗಿಕೊಂಡೆ.

ಮಾವ ಟವಲು ಹಿಂಡುತ್ತಾ ನಿಂತಿದ್ದರು. "ನಾನೇ ಕಣವ್ವ. ಬರೀ ಸಗಣಿ, ಒಣ ತರಗು ತಿಂದ್ಕಂಡವೆ, ಪಾಪ ಅನ್ನುಸ್ತು. ಆಲೆಮನೆಯಿಂದ ಮಡ್ಡಿ ತಂದು ಉಯ್ದೆ. ದನ ಕುಡುದ್ರೆ ಮೈ ತುಂಬ್ಕತವಲ್ಲಾ!"

ಬೆಲ್ಲಕ್ಕೆ ಕಬ್ಬಿನ ಹಾಲು ಕುದಿಸುವಾಗ ತೆಗೆದುಹಾಕುವ ಸಿಹಿ ನೊರೆ ಅದು. ನನಗೆ ನಗು, ಅಳು, ಕೋಪ ಎಲ್ಲಾ ಒಟ್ಟಿಗೇ ಬಂತು. "ಇರುವೆಗೆ ಔತಣ ಆಯ್ತು ಬುಡಿ ಮಾವ! ಹೋಗಿ, ತರಗಿಗೆ ಬೆಂಕಿ ಇಕ್ಕಿ. ಮುಗೀತು!" ಅಂದು ಜಗಲಿ ಮೇಲೆ ಕುಕ್ಕರಿಸಿದೆ.

ಮಾವ ಟವಲು ತಲೆಗೆ ಸುತ್ತಿಕೊಂಡರು. ತೊಟ್ಟಿಯ ಮೇಲಿನ ಪದರವನ್ನೆಲ್ಲಾ ಮಂಕರಿಗೆ ತುಂಬಿ ದೂರ ಸುರಿದು ಬಂದರು. ತೊಟ್ಟಿ ಸುತ್ತ ಕಾಲುವೆ ತೋಡಿ, ಇರುವೆ ದಾಟದ ಹಾಗೆ ನೀರು ನಿಲ್ಲಿಸಿದರು. ಆಮೇಲೆ ಬಗ್ಗಿ, ಮೊಣಕೈ ತನಕ ಕೈ ಇಳಿಸಿ ತಳದಲ್ಲಿ ಕೆದಕತೊಡಗಿದರು. ನಾನು ಹತ್ತಿರಕ್ಕೂ ಹೋಗಲಿಲ್ಲ, ಅಷ್ಟು ಸಿಟ್ಟು.

"ಬಾರವ್ವ ಇಲ್ಲಿ! ಬದ್ಕವೆ! ಬದ್ಕವೆ ಕಣವ್ವ!"

ಓಡಿದೆ. ಮಾವನ ಅಂಗೈಲಿ ಕಪ್ಪನೆ ಪುಡಿಪುಡಿ ಗೊಬ್ಬರ, ಅದರಲ್ಲಿ ದಪ್ಪ ದಪ್ಪ ಹುಳು, ಅವುಗಳ ನಡುವೆ ದಾರದಷ್ಟು ತೆಳ್ಳಗೆ ಮಿಸುಕಾಡೋ ಬಿಳಿ ಹುಳು, ಎಷ್ಟೊಂದು! "ಮರಿ ಮಾವ, ಮರಿ! ಮರಿ ಮಾಡವೆ!" ಅಂತ ಅಲ್ಲೇ ಕುಣಿದುಬಿಟ್ಟೆ.

ಮಾವ ಒಂದೊಂದನ್ನೂ ಜೋಪಾನವಾಗಿ ಒಳಗೆ ಬಿಟ್ಟು, ತಾಟು ಒದ್ದೆ ಮಾಡಿ ಹೊದಿಸಿದರು. ಬದುವಿನ ಮೇಲಿದ್ದ ರಾಶಿಯನ್ನೇ ನೋಡುತ್ತಾ ನಿಂತರು.

"ಇಷ್ಟೊಂದ್ ಮಕ್ಳು ಮರಿ ಆಗವೆ," ಅಂದರು ಚಿಂತೆಯಿಂದ. "ಆ ತರಗು ಇವಕ್ಕೆ ಸಾಲ್ತದೇನವ್ವಾ?"